ನೀರಿನ ಕೊಳವೆಯಲ್ಲಿ ಕೊಳಲು

ಕೊಳಲೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಬಿದಿರು. ಮನೆಗಳಿಗೆ ನೀರು ತರುವ ತಾಮ್ರದ ಕೊಳವೆಯೂ ಕೊಳಲಾಗಬಲ್ಲುದೆಂದರೆ ರಸಿಕರು ಹುಬ್ಬೇರಿಸಿಯಾರು. ಆದರೆ ಐರ್ಲೆಂಡು, ಇಂಗ್ಲೆಂಡುಗಳಲ್ಲಿ ಹವ್ಯಾಸಿಗಳು ಅಂಥ ಕೊಳಲನ್ನು ಮನೆಯಲ್ಲಿಯೇ ಮಾಡಿಕೊಳ್ಳುವುದುಂಟು.

ಅದರ ಪೂರ್ವಕಥೆಯಲ್ಲಿ ನಮ್ಮ ದೇಶದ ಬಿದಿರೂ ಇದೆ. ಐರಿಷ್ ವಾದಕ ಫಿನ್‌ಬರ್ ಫ್ಯೂರಿಯವರು ಅಕ್ಕರೆಯಿಂದ ನುಡಿಸುತ್ತಿದ್ದ ಭಾರತದ ಬಿದಿರ ಕೊಳಲೊಂದು ಪ್ರವಾಸದಲ್ಲಿ ಹಾಳಾಯಿತು. ಅದರ ದನಿಯನ್ನರಸುತ್ತ 1971ರಲ್ಲಿ ಇಂಗ್ಲೆಂಡಿನ ಬರ್ನಾರ್ಡ್ ಓವರ್ಟನ್ ಅವರು ಅಲ್ಯೂಮಿನಿಯಂ ಕೊಳವೆಯಿಂದ ಕೊಳಲು ಮಾಡಿಕೊಟ್ಟರು. ಮಂದ್ರದಲ್ಲಿ ನುಡಿಯುವ ಇಂದಿನ ‘ಲೋ ವಿಸಲ್’ ಹುಟ್ಟಿದ್ದು ಹಾಗೆ.

ರಚನೆ ಸರಳ. ಸುಮಾರು ಎರಡಡಿ ಉದ್ದದ, 22 ಮಿಲಿಮೀಟರು ವ್ಯಾಸದ ಕೊಳವೆ. ಅದರ ಬಾಯಿಗೆ ಮರದ ಬಿರಡೆ. ಬಿರಡೆಯ ಮೇಲೆ ಉಸಿರು ಹಾಯಲು ಕಿರಿದಾದ ಸಂದು. ಮುಂದೆ ಒಂದು ಕಿಂಡಿ. ಉಸಿರು ಕಿಂಡಿಯ ಹರಿತವಾದ ಅಂಚಿಗೆ ತಾಗಿ ತೊನೆದಾಡಿದಾಗ ಒಳಗಿನ ಗಾಳಿ ಕಂಪಿಸಿ ಸ್ವರವಾಗುತ್ತದೆ. ಹಾಡುವುದು ಗಾಳಿ, ಬಿದಿರಾಗಲಿ ತಾಮ್ರವಾಗಲಿ ಅದಕ್ಕೆ ಮನೆ ಮಾತ್ರ.

ಕಷ್ಟವಿರುವುದು ಶ್ರುತಿಗೂಡಿಸುವಲ್ಲಿ. ಕೊಳವೆಯನ್ನು ಕತ್ತರಿಸಿದಷ್ಟೂ ಸ್ವರ ಏರುತ್ತದೆ. ಆರು ರಂಧ್ರಗಳಲ್ಲಿ ಯಾವುದನ್ನು ಹಿಗ್ಗಿಸಿದರೂ ಅದರ ಸ್ವರ ಏರುತ್ತದೆ. ಅರ ತಿಂದ ತಾಮ್ರ ಮರಳಿ ಬಾರದು. ಆದುದರಿಂದ ಬಲ್ಲವರು ತುಸು ಉದ್ದದ ಕೊಳವೆ, ಸಣ್ಣ ರಂಧ್ರಗಳಿಂದ ತೊಡಗಿ, ಊದಿ ಕೇಳಿ, ಮತ್ತೆ ಎಳ್ಳಷ್ಟೇ ಉಜ್ಜುತ್ತಾರೆ.

ವಾದ್ಯ ಕೊಳ್ಳುವ ಶಕ್ತಿಯಿಲ್ಲವೆಂದು ಸಂಗೀತದಿಂದ ದೂರ ಸರಿದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಕೊಳವೆಯ ತುಂಡು, ಕೆಲವು ಸಾಮಾನ್ಯ ಹತಾರಗಳು, ಎಲ್ಲಿ ನಿಲ್ಲಿಸಬೇಕೆಂದು ಬಲ್ಲ ಕಿವಿ, ಇಷ್ಟಿದ್ದರೆ ಅವರಿಗೂ ಕೊಳಲುಂಟು. ಮೊದಲೆರಡು ಅಂಗಡಿಯಲ್ಲಿ ದೊರೆತಾವು; ಮೂರನೆಯದನ್ನು ಬೆಳೆಸುವುದೇ ಶಿಕ್ಷಣ.