ಖ್ಮೇರ್ ಶಿಲ್ಪ ಮತ್ತು ಪೀಠದ ಸಾಕ್ಷ್ಯ

ಹಿಂದೂ ದೇವತೆಗಳನ್ನು ಕಲ್ಲಿನಲ್ಲಿ ಕಡೆದ ಕಾಂಬೋಜದ ಪ್ರಾಚೀನ ಖ್ಮೇರ್ ಶಿಲ್ಪಿಗಳು ಒಂದು ಕಠಿನ ಸಮಸ್ಯೆಯನ್ನು ಎದುರಿಸಬೇಕಾಯಿತು. ನಮ್ಮ ದೇವಾಲಯಗಳ ಶಿಲಾಮೂರ್ತಿಗಳಿಗೆ ಬಹುಮಟ್ಟಿಗೆ ಬೆನ್ನ ಹಿಂದೆ ಕಲ್ಲಿನ ಆಸರೆಯಿರುತ್ತದೆ. ಖ್ಮೇರ್ ಶಿಲ್ಪಿಯಾದರೋ ಮರಳುಗಲ್ಲಿನ ಮೂರ್ತಿಯನ್ನು ಎಲ್ಲ ಕಡೆಗಳಿಂದಲೂ ನೋಡಲು ಬರುವಂತೆ ಬಿಡಿಯಾಗಿ ನಿಲ್ಲಿಸಿದನು. ಆಗ ಭಾರವೆಲ್ಲವೂ ಎರಡು ಕಣಕಾಲುಗಳ ಮೇಲೆ ಬೀಳುವುದು. ಕಲ್ಲು ಮುರಿಯುವುದೂ ಅಲ್ಲಿಯೇ.

ಈ ಸಮಸ್ಯೆಗೆ ಶಿಲ್ಪಿಗಳು ಕಂಡುಕೊಂಡ ಪರಿಹಾರಗಳು ಎರಡು. ಫ್ನೋಮ್ ದಾ ಬೆಟ್ಟದಲ್ಲಿ ದೊರೆತ ಅಷ್ಟಭುಜ ವಿಷ್ಣುವಿನ ಹಿಂದೆ, ಅದೇ ಕಲ್ಲಿನಲ್ಲಿ ಕಡೆದ ಕುದುರೆಲಾಳದಾಕಾರದ ಕಮಾನೊಂದು ಮೂರ್ತಿಯನ್ನು ಆಧರಿಸಿ ನಿಂತಿದೆ. ಮುಂದಿನ ಶತಮಾನಗಳಲ್ಲಿ ಕಮಾನನ್ನು ಕೈಬಿಟ್ಟು ಕಾಲುಗಳನ್ನೇ ದಪ್ಪವಾಗಿ ಕಡೆಯಲಾಯಿತು. ಅಂಗ್ಕೋರ್ ಕಾಲದ ಮೂರ್ತಿಗಳ ಕಾಲುಗಳು ಸ್ಥೂಲವಾಗಿ ಕಾಣುವುದಕ್ಕೆ ಇದು ಮುಖ್ಯ ಕಾರಣ. ಅದನ್ನು ಶಿಲ್ಪಿಯ ಅಸಾಮರ್ಥ್ಯವೆಂದು ಎಣಿಸಲಾಗದು.

ನಾಲ್ಕನೆಯ ಜಯವರ್ಮನು 928ರಿಂದ ಆಳಿದ ರಾಜಧಾನಿ ಕೋ ಕೆರ್. ಅಲ್ಲಿಯ ಪ್ರಸಾತ್ ಚೆನ್ ದೇವಾಲಯದಲ್ಲಿ ಶಿಲ್ಪಿಯ ಸಾಹಸ ಇನ್ನೂ ಮುಂದುವರಿಯಿತು. ಗದಾಯುದ್ಧಕ್ಕೆ ಎದುರುಬದುರಾಗಿ ಸಜ್ಜಾದ ಭೀಮ ದುರ್ಯೋಧನರು, ಅದನ್ನು ನೋಡುವ ಬಲರಾಮ, ಪಾಂಡವರು: ಇವರೆಲ್ಲರೂ ಬಿಡಿ ಮೂರ್ತಿಗಳಾಗಿ ಒಂದೇ ಪ್ರಸಂಗವನ್ನು ರೂಪಿಸಿದ್ದರು. ಇದೇ ಪ್ರಸಂಗವನ್ನು ಕಾವ್ಯವಾಗಿಸಿದ ನಮ್ಮ ರನ್ನನೂ ಅದೇ ಹತ್ತನೆಯ ಶತಮಾನದಲ್ಲಿ ಜನಿಸಿದವನು. ಇವರಲ್ಲಿ ಪರಸ್ಪರ ಪ್ರಭಾವವನ್ನು ಊಹಿಸಬೇಕಾಗಿಲ್ಲ. ಇಬ್ಬರಿಗೂ ಮೂಲ ಮಹಾಭಾರತವೇ.

1970ರ ದಶಕದ ಅಂತರ್ಯುದ್ಧದ ಕಾಲದಲ್ಲಿ ಕಳ್ಳರು ಈ ಮೂರ್ತಿಗಳನ್ನು ಸಾಗಿಸಿದರು. ಭೀಮ ದುರ್ಯೋಧನರ ಮೂರ್ತಿಗಳನ್ನು ಕಣಕಾಲಿನಲ್ಲಿಯೇ ತುಂಡರಿಸಿದುದರಿಂದ ಪಾದಗಳು ಪೀಠದೊಡನೆ ನೆಲದಲ್ಲಿಯೇ ಉಳಿದುವು. 2011ರಲ್ಲಿ ದುರ್ಯೋಧನನ ಮೂರ್ತಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದಾಗ ಆ ಪಾದಗಳೇ ಸಾಕ್ಷಿ ನುಡಿದುವು. ದೀರ್ಘ ವಿವಾದದ ತರುವಾಯ 2014ರಲ್ಲಿ ದುರ್ಯೋಧನ, ಭೀಮ, ಬಲರಾಮರ ಮೂರ್ತಿಗಳು ಕಾಂಬೋಜಕ್ಕೆ ಮರಳಿದುವು.

ಇದರಿಂದ ಇತಿಹಾಸದ ವಿದ್ಯಾರ್ಥಿಗಳು ಗ್ರಹಿಸಬೇಕಾದುದೇನು? ಪೀಠದಿಂದ ಬೇರ್ಪಟ್ಟ ಮೂರ್ತಿಯು ಎಷ್ಟೇ ಸುಂದರವಾಗಿದ್ದರೂ ಹೆಸರಿಲ್ಲದ ಒಬ್ಬ ಮಲ್ಲನಂತೆ ತೋರುವುದು. ಎದುರಾಳಿ ಯಾರು, ನೋಡುತ್ತಿರುವವರು ಯಾರು ಎಂಬುದನ್ನು ತಿಳಿಸತಕ್ಕದ್ದು ಅದು ನಿಂತ ಸ್ಥಳವೇ. ಆದಕಾರಣ ಮೂರ್ತಿಯೊಂದನ್ನು ಕಂಡಾಗ ಅದರ ಮುಖವನ್ನು ವರ್ಣಿಸುವುದಕ್ಕೆ ಮೊದಲು, ಅದರ ಪಾದಗಳು ಎಲ್ಲಿವೆಯೆಂದು ಕೇಳುವುದು ಲೇಸು.