ನಾಲಿಗೆ ನೋಡಿಕೊಂಡರೆ ಎಚ್‌ಐವಿ ಗೊತ್ತಾಗದು

ಕಾಂಡೋಮ್ ಬಳಸಿದ್ದೂ ಆಯ್ತು, ಆದರೂ ಮನಸ್ಸಿನ ಅಳುಕು ಹೋಗಿಲ್ಲ. ಸಣ್ಣ ಜ್ವರ ಬಂದರೂ ‘ಅದೇ ಇರಬಹುದಾ?’ ಎಂಬ ದಿಗಿಲು. ಯಾರನ್ನು ಕೇಳೋದು? ಯಾವಾಗ ಪರೀಕ್ಷೆ ಮಾಡಿಸೋದು? ಒಮ್ಮೆ ಮಾಡಿಸಿದರೆ ಸಾಕಾ?

ಮನೆಮಂದಿ ಎಲ್ಲ ಹೊರಗೆ ಹೋದ ಮೇಲೆ ಬಾತ್‌ರೂಮಿನ ಕನ್ನಡಿ ಮುಂದೆ ನಾಲಿಗೆ ಚಾಚಿ ನೋಡಿಕೊಳ್ಳೋದು, ಕತ್ತಿನ ಪಕ್ಕ ಗಂಟು ಸಿಗುತ್ತದಾ ಅಂತ ಒತ್ತಿ ಒತ್ತಿ ಹುಡುಕೋದು, ಮೊಬೈಲಿನಲ್ಲಿ ಲಕ್ಷಣಗಳ ಪಟ್ಟಿ ಓದಿ ಆಮೇಲೆ ಅದನ್ನೆಲ್ಲ ಅಳಿಸಿಬಿಡೋದು. ಎಚ್‌ಐವಿ ಭಯ ಹೊಕ್ಕ ಹೆಂಗಸರ ದಿನಚರಿ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಕಾರಣ ಒಬ್ಬೊಬ್ಬರದು ಒಂದೊಂದು. ಯಜಮಾನರು ಕೆಲಸದ ಮೇಲೆ ತಿಂಗಳುಗಟ್ಟಲೆ ಬೇರೆ ಊರಿನಲ್ಲಿದ್ದು ಬಂದಿರಬಹುದು. ಅವರ ಫೋನಿನಲ್ಲಿ ಏನೋ ಕಣ್ಣಿಗೆ ಬಿದ್ದಿರಬಹುದು. ಅಥವಾ ತಮ್ಮ ಬದುಕಿನಲ್ಲೇ ಯಾರಿಗೂ ಹೇಳಲಾಗದ ಸಂಬಂಧವೊಂದು ಬಂದು ಹೋಗಿರಬಹುದು. ಸರಿ ತಪ್ಪಿನ ಪಂಚಾಯ್ತಿ ಇಲ್ಲಿ ಬೇಡ. ಆ ಭಯಕ್ಕೆ ನಿಜವಾಗಿ ಎಷ್ಟು ಆಧಾರವಿದೆ ಅನ್ನೋದನ್ನಷ್ಟೇ ನೋಡೋಣ.

ಕಾಂಡೋಮನ್ನು ಎಷ್ಟು ನಂಬಬಹುದು?

ಹರಿಯದೆ, ಜಾರದೆ, ಶುರುವಿನಿಂದ ಕೊನೆಯವರೆಗೂ ಇದ್ದ ಲೇಟೆಕ್ಸ್ ಕಾಂಡೋಮನ್ನು ದಾಟಿ ಎಚ್‌ಐವಿ ವೈರಸ್ ಬರಲಾರದು. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ತಪ್ಪದೆ ಕಾಂಡೋಮ್ ಬಳಸಿದವರಲ್ಲಿ ಸೋಂಕು ಸುಮಾರು ಶೇ 80ರಷ್ಟು ಕಡಿಮೆ ಇತ್ತು. ‘ಹಾಗಾದರೆ ಉಳಿದ 20?’ ಅಂತ ತಕ್ಷಣ ಎದೆ ಹೊಡೆದುಕೊಳ್ಳಬೇಡಿ. ಅದು ಮನೆಮನೆಯ ಬಳಕೆಯ ಲೆಕ್ಕ. ಹರಿದದ್ದು, ಜಾರಿದ್ದು, ತಡವಾಗಿ ಹಾಕಿಕೊಂಡದ್ದು ಎಲ್ಲವೂ ಅದರಲ್ಲಿ ಸೇರಿರುತ್ತದೆ.

ಇನ್ನೂ ಒಂದು ಲೆಕ್ಕವಿದೆ. ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದ ಗಂಡಸಿನ ಜೊತೆ ಕಾಂಡೋಮ್ ಇಲ್ಲದೆ ಒಮ್ಮೆ ಸೇರಿದಾಗ ಹೆಣ್ಣಿಗೆ ಸೋಂಕು ತಗಲುವ ಸಾಧ್ಯತೆ 10,000ಕ್ಕೆ ಸುಮಾರು 8 ಅಂತ ಅಮೆರಿಕದ ಸಿಡಿಸಿ ಸಂಸ್ಥೆ ಅಂದಾಜು ಮಾಡಿದೆ. ಹಾಗಂತ ಕಾಂಡೋಮ್ ಬೇಡ ಅಂತಲ್ಲ. ಆ ಎಂಟರಲ್ಲಿ ನಾವೂ ಒಬ್ಬರಾಗಿಬಿಟ್ಟರೆ ಲೆಕ್ಕ ಕಟ್ಟಿಕೊಂಡು ಏನು ಮಾಡೋದು? ಆದರೆ ನಿಮ್ಮ ವಿಷಯದಲ್ಲಿ ಕಾಂಡೋಮೂ ಇತ್ತು, ಎದುರಿನವರಿಗೆ ಸೋಂಕಿದೆ ಅನ್ನೋದೂ ಬರೀ ಅನುಮಾನ ಅಂದರೆ, ಅಪಾಯ ತೀರಾ ಕಡಿಮೆ.

ಎಡವಟ್ಟು ಆಗೋದು ಎಲ್ಲಿ ಗೊತ್ತಾ? ಅವಧಿ ಮುಗಿದ ಪ್ಯಾಕೆಟ್, ತಿಂಗಳುಗಟ್ಟಲೆ ಪರ್ಸಿನಲ್ಲಿ ಬೆಚ್ಚಗೆ ಕೂತಿದ್ದ ಪ್ಯಾಕೆಟ್, ಹಲ್ಲಲ್ಲಿ ಕಚ್ಚಿ ಹರಿದದ್ದು, ಮತ್ತೆ ನಮ್ಮ ಮನೆಗಳ ಕೊಬ್ಬರಿ ಎಣ್ಣೆ! ಎಣ್ಣೆ, ವ್ಯಾಸಲೀನ್ ತಗುಲಿದರೆ ಲೇಟೆಕ್ಸ್ ನಿಮಿಷಗಳಲ್ಲೇ ದುರ್ಬಲವಾಗುತ್ತದೆ. ಬೇಕಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ, ನೀರಿನ ಅಂಶದ ಜೆಲ್ ಬಳಸಿ.

‘ಆಪರೇಷನ್ ಆಗಿದೆಯಲ್ಲ!’

ಎರಡು ಮಕ್ಕಳಾದ ಮೇಲೆ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ. ಆಮೇಲೆ ಕಾಂಡೋಮ್ ಮಾತೆತ್ತಿದರೆ ‘ಆಪರೇಷನ್ ಆಗಿದೆಯಲ್ಲ, ಇನ್ಯಾಕೆ?’ ಅನ್ನೋ ಪ್ರಶ್ನೆ ಬರುತ್ತದೆ. ಕೇಳಿದವಳ ಮೇಲೇ ಅನುಮಾನ ತಿರುಗುವುದೂ ಉಂಟು. ಆಪರೇಷನ್, ಕಾಪರ್-ಟಿ, ಮಾತ್ರೆ ಎಲ್ಲವೂ ಗರ್ಭ ನಿಲ್ಲದಂತೆ ತಡೆಯುತ್ತವೆ, ಸೋಂಕನ್ನು ತಡೆಯುವುದಿಲ್ಲ. ನೇರವಾಗಿ ಹೇಳಲು ಕಷ್ಟವಾದರೆ ‘ಬಿಳುಪು ಹೋಗ್ತಿದೆ, ಸ್ವಲ್ಪ ದಿನ ಕಾಂಡೋಮ್ ಬಳಸಿ ಅಂತ ಡಾಕ್ಟ್ರು ಹೇಳಿದ್ದಾರೆ’ ಅಂತ ಶುರು ಮಾಡಬಹುದು. ಅದು ತಾತ್ಕಾಲಿಕ ಉಪಾಯ. ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳೋದು ಶಾಶ್ವತ ಉಪಾಯ.

ಲಕ್ಷಣ ನೋಡಿ ಹೇಳಬಹುದಾ?

ಆಗೋದಿಲ್ಲ. ಎಚ್‌ಐವಿ ತಗುಲಿದ ಎರಡರಿಂದ ನಾಲ್ಕು ವಾರದಲ್ಲಿ ಕೆಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ಗಂಧೆ, ಗ್ರಂಥಿಗಳ ಊತ, ಬಾಯಿಹುಣ್ಣು ಬರುವುದು ನಿಜ. ಆದರೆ ಇವೆಲ್ಲ ಮಾಮೂಲಿ ಫ್ಲೂನಲ್ಲೂ ಬರುತ್ತವೆ. ಮಳೆಗಾಲದಲ್ಲಿ ಡೆಂಗೆ, ಚಿಕುನ್‌ಗುನ್ಯ ಬಂದರೂ ಜ್ವರದ ಜೊತೆ ಮೈಮೇಲೆ ಕೆಂಪು ಗಂಧೆ ಏಳುತ್ತದೆ. ನಿದ್ದೆಗೆಟ್ಟರೆ, ಬಿ ವಿಟಮಿನ್ ಕಮ್ಮಿಯಾದರೆ ಬಾಯಿಹುಣ್ಣು. ಥೈರಾಯ್ಡ್, ಸಕ್ಕರೆ ಕಾಯಿಲೆಯಲ್ಲಿ ತೂಕ ಇಳಿಯುತ್ತದೆ. ಭಯದಿಂದ ಊಟ ಸೇರದಿದ್ದರೂ ಇಳಿಯುತ್ತದೆ. ಕಾಂಡೋಮ್ ಬಳಸಿದ ಮೇಲೆ ತುರಿಕೆ, ಉರಿ ಶುರುವಾದರೆ ಲೇಟೆಕ್ಸ್ ಅಲರ್ಜಿಯೂ ಇರಬಹುದು.

ಇದರ ಇನ್ನೊಂದು ಮುಖ ಹೆಚ್ಚು ಮುಖ್ಯ. ಸೋಂಕು ತಗುಲಿದ ಎಷ್ಟೋ ಜನಕ್ಕೆ ಶುರುವಿನಲ್ಲಿ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಗಟ್ಟಿಮುಟ್ಟಾಗೇ ಓಡಾಡಿಕೊಂಡಿರುತ್ತಾರೆ. ಹಾಗಾಗಿ ಲಕ್ಷಣ ಇದ್ದರೆ ಸೋಂಕು ಇದೆ ಅಂತಲೂ ಅಲ್ಲ, ಲಕ್ಷಣ ಇಲ್ಲದಿದ್ದರೆ ಸೋಂಕು ಇಲ್ಲ ಅಂತಲೂ ಅಲ್ಲ. ನಾಲಿಗೆಯ ಬಿಳಿ ನೋಡಿ ವಾರಗಟ್ಟಲೆ ಕೊರಗುವುದು ದಂಡ. ಉತ್ತರ ಹೇಳುವುದು ರಕ್ತ ಪರೀಕ್ಷೆ ಒಂದೇ.

ಯಾವಾಗ ಮಾಡಿಸಬೇಕು?

ಮಾರನೇ ದಿನವೇ ಓಡಿ ಹೋಗಿ ಮಾಡಿಸಿದರೆ ಆ ರಾತ್ರಿಯ ವಿಷಯ ಗೊತ್ತಾಗದು. ಸೋಂಕು ತಗುಲಿದರೂ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲು ಸಮಯ ಬೇಕು. ವೈದ್ಯರು ಇದನ್ನು ‘ವಿಂಡೋ ಪೀರಿಯಡ್’ ಅನ್ನುತ್ತಾರೆ. ಲ್ಯಾಬಿನಲ್ಲಿ ತೋಳಿನ ನರದಿಂದ ರಕ್ತ ತೆಗೆದು ಮಾಡುವ ‘ಫೋರ್ತ್ ಜನರೇಷನ್’ ಪರೀಕ್ಷೆ 45 ದಿನಕ್ಕೆ ಖಚಿತ ಉತ್ತರ ಕೊಡುತ್ತದೆ. ಬೆರಳು ಚುಚ್ಚಿ ಮಾಡುವ ರ್‍ಯಾಪಿಡ್ ಪರೀಕ್ಷೆಗೆ ಮೂರು ತಿಂಗಳು ಕಳೆದಿರಬೇಕು. ಲ್ಯಾಬಿನವರನ್ನು ‘ಇದು ಯಾವ ಪರೀಕ್ಷೆ?’ ಅಂತ ಕೇಳಲು ಸಂಕೋಚ ಬೇಡ. ಇದ್ದ ಅನುಮಾನ ಆ ಒಂದು ಸಂದರ್ಭದ ಬಗ್ಗೆ ಮಾತ್ರ ಆಗಿದ್ದರೆ, ಅವಧಿ ಮುಗಿದ ಮೇಲೆ ಬಂದ ನೆಗೆಟಿವ್ ಅಂದರೆ ನೆಗೆಟಿವ್. ಅಲ್ಲಿಗೆ ವಿಷಯ ಮುಗಿಯಿತು.

ಕಾಂಡೋಮ್ ಹರಿದೇ ಹೋಗಿದ್ದರೆ?

ಆಗ ಮಾತ್ರ ಕಾಯುತ್ತಾ ಕೂರಬೇಡಿ. ಎದುರಿನವರಿಗೆ ಸೋಂಕು ಇದೆ ಅಥವಾ ಇರಬಹುದು ಅನ್ನಿಸಿದರೆ 72 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು. ಸೋಂಕು ಅಂಟದಂತೆ ತಡೆಯುವ ‘ಪೆಪ್’ ಎಂಬ ಮಾತ್ರೆಗಳಿವೆ. ಎಷ್ಟು ಬೇಗ ಶುರು ಮಾಡುತ್ತೀರೋ ಅಷ್ಟು ಒಳ್ಳೆಯದು. 28 ದಿನ ತಪ್ಪದೆ ನುಂಗಬೇಕು. ಎಆರ್‌ಟಿ ಕೇಂದ್ರ ಇರುವ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ವಿಚಾರಿಸಿ. ಈ ಮಾತ್ರೆ ತೆಗೆದುಕೊಂಡವರು ಯಾವಾಗ ಪರೀಕ್ಷೆ ಮಾಡಿಸಬೇಕು ಅನ್ನೋದನ್ನು ವೈದ್ಯರೇ ಹೇಳುತ್ತಾರೆ.

ಎಲ್ಲಿ ಹೋಗೋದು? ಯಾರಿಗಾದರೂ ಗೊತ್ತಾದರೆ?

ಪರೀಕ್ಷೆಗಿಂತ ಹೆಚ್ಚು ಹೆದರಿಸುವ ಪ್ರಶ್ನೆ ಇದೇ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ, ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಐಸಿಟಿಸಿ ಎಂಬ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಿವೆ. ಅಲ್ಲಿ ಪರೀಕ್ಷೆ ಉಚಿತ. ಮೊದಲು ಕೌನ್ಸೆಲರ್ ಕೂರಿಸಿಕೊಂಡು ಮಾತನಾಡುತ್ತಾರೆ, ಆಮೇಲೆ ರಕ್ತ ತೆಗೆಯುತ್ತಾರೆ. ಮೊದಲ ಪರೀಕ್ಷೆಯಲ್ಲಿ ಸಂಶಯ ಬಂದರೆ ಬೇರೆ ಬೇರೆ ಕಿಟ್‌ಗಳಲ್ಲಿ ಮತ್ತೆ ನೋಡಿ, ಮೂರರಲ್ಲೂ ಬಂದರೆ ಮಾತ್ರ ಪಾಸಿಟಿವ್ ಅನ್ನುತ್ತಾರೆ.

ಗುಟ್ಟಿನ ವಿಷಯಕ್ಕೆ ಕಾನೂನಿನ ಬೆಂಬಲವಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಕಾಯ್ದೆಯೇ ಹೇಳಿರುವ ಕೆಲವು ಸಂದರ್ಭ ಬಿಟ್ಟರೆ ಫಲಿತಾಂಶವನ್ನು ಇನ್ನೊಬ್ಬರಿಗೆ ತಿಳಿಸುವಂತೆಯೂ ಇಲ್ಲ. ಆಸ್ಪತ್ರೆ ಮೆಟ್ಟಿಲು ಹತ್ತುವ ಮುಂಚೆ ಯಾರನ್ನಾದರೂ ಕೇಳಬೇಕು ಅನ್ನಿಸಿದರೆ 1097ಕ್ಕೆ ಫೋನ್ ಮಾಡಿ. ಇದು ಉಚಿತ ಸಹಾಯವಾಣಿ. ಹೆಸರು ಹೇಳಬೇಕಾಗಿಲ್ಲ.

ಎಚ್‌ಐವಿ ಒಂದೇ ಅಲ್ಲ

ಹರ್ಪಿಸ್, ಸಿಫಿಲಿಸ್, ಎಚ್‌ಪಿವಿಯಂಥ ಸೋಂಕುಗಳು ಚರ್ಮದಿಂದ ಚರ್ಮಕ್ಕೂ ಹರಡುತ್ತವೆ. ಕಾಂಡೋಮ್ ಮುಚ್ಚದ ಜಾಗದಿಂದ ಅಂಟಬಹುದು. ಹುಣ್ಣು, ಗುಳ್ಳೆ, ಕೆಟ್ಟ ವಾಸನೆಯ ಬಿಳುಪು, ಕೆಳಹೊಟ್ಟೆ ನೋವು ಇದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ ಇರುವುದೂ ಇದಕ್ಕಾಗಿಯೇ. ಹಾಗೇ, ನಿಮ್ಮ ರಿಪೋರ್ಟ್ ನೆಗೆಟಿವ್ ಬಂದರೆ ಅದು ನಿಮ್ಮದು ಮಾತ್ರ. ಯಜಮಾನರಿಗೆ ಸೋಂಕು ಇದೆಯೋ ಇಲ್ಲವೋ ಅನ್ನೋದು ಅವರ ರಕ್ತದಿಂದಲೇ ಗೊತ್ತಾಗಬೇಕು.

ಒಂದು ವೇಳೆ ಪಾಸಿಟಿವ್ ಬಂದರೆ?

ಬದುಕು ಮುಗಿಯಿತು ಅಂದುಕೊಳ್ಳುವ ಕಾಲ ಹೋಯಿತು. ಸರ್ಕಾರ 2004ರಲ್ಲೇ ಉಚಿತ ಎಆರ್‌ಟಿ ಚಿಕಿತ್ಸೆ ಶುರು ಮಾಡಿತು. ಸೋಂಕು ಪತ್ತೆಯಾದ ಕೂಡಲೇ ಎಲ್ಲರಿಗೂ ಔಷಧ ಕೊಡುವ ನೀತಿ 2017ರಲ್ಲಿ ಬಂತು. ಮಾತ್ರೆ ತಪ್ಪಿಸದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ, ದಾಂಪತ್ಯದಲ್ಲಿ ಸಂಗಾತಿಗೆ ಹರಡುವುದಿಲ್ಲ. ಗರ್ಭಿಣಿ ಸರಿಯಾಗಿ ಚಿಕಿತ್ಸೆ ಪಡೆದರೆ ಮಗುವಿಗೆ ಬರದಂತೆ ಬಹುಮಟ್ಟಿಗೆ ತಡೆಯಬಹುದು.

ರಿಪೋರ್ಟ್ ಬಂದರೂ ನೆಮ್ಮದಿ ಇಲ್ಲವೇ?

ಸರಿಯಾದ ಸಮಯಕ್ಕೆ ಮಾಡಿಸಿದ ಪರೀಕ್ಷೆ ನೆಗೆಟಿವ್ ಬಂದಿದ್ದರೂ ‘ಲ್ಯಾಬಿನವರು ತಪ್ಪು ಮಾಡಿರಬಹುದಾ?’ ಅಂತ ನಾಲ್ಕನೇ, ಐದನೇ ಸಲ ರಕ್ತ ಕೊಡುವವರಿದ್ದಾರೆ. ಇಂಥವರನ್ನು ಕಾಡುತ್ತಿರುವುದು ಆತಂಕ. ಅದಕ್ಕೆ ಇನ್ನೊಂದು ರಿಪೋರ್ಟ್ ಮದ್ದಲ್ಲ. ಎಷ್ಟೋ ಸಲ ಈ ದಿಗಿಲಿನ ಅಡಿಯಲ್ಲಿ ಬೇರೆಯೇ ಪ್ರಶ್ನೆ ಇರುತ್ತದೆ: ‘ಇವರನ್ನು ಇನ್ನು ನಂಬಲಾ?’ ಅಥವಾ ‘ನಾನು ಹೀಗೆ ಮಾಡಿಬಿಟ್ಟೆನಲ್ಲ’. ಅದಕ್ಕೆ ರಕ್ತ ಪರೀಕ್ಷೆಯಲ್ಲಿ ಉತ್ತರ ಸಿಗದು. ಮನಸ್ಸು ಬಿಚ್ಚಿ ಮಾತಾಡಬೇಕು. ಮನೆಯಲ್ಲಿ ಆಗದಿದ್ದರೆ 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನೆನಪಿರಲಿ

* ಕಾಂಡೋಮ್ ಸರಿಯಾಗಿದ್ದರೆ ಅಪಾಯ ತೀರಾ ಕಡಿಮೆ. ಹರಿದಿದ್ದರೆ 72 ಗಂಟೆಯೊಳಗೆ ವೈದ್ಯರನ್ನು ಕಾಣಿ.
* ಜ್ವರ, ಬಾಯಿಹುಣ್ಣು ನೋಡಿ ಎಚ್‌ಐವಿ ಅಂತ ತೀರ್ಮಾನಿಸಬೇಡಿ.
* ಲ್ಯಾಬಿನ ಫೋರ್ತ್ ಜನರೇಷನ್ ಪರೀಕ್ಷೆಗೆ 45 ದಿನ, ರ್‍ಯಾಪಿಡ್ ಪರೀಕ್ಷೆಗೆ ಮೂರು ತಿಂಗಳು ಕಳೆದಿರಲಿ.
* ಉತ್ತರ ಗೊತ್ತಾಗುವವರೆಗೆ ಕಾಂಡೋಮ್ ಬಿಡಬೇಡಿ, ರಕ್ತದಾನ ಮಾಡಬೇಡಿ.
* ಒಟ್ಟಿಗೆ ಊಟ ಮಾಡಿದರೆ, ಮಕ್ಕಳನ್ನು ಮುದ್ದಿಸಿದರೆ ಎಚ್‌ಐವಿ ಹರಡುವುದಿಲ್ಲ. ಮಕ್ಕಳಿಂದ ದೂರ ಮಲಗುವುದೆಲ್ಲ ಬೇಡ.