ನಿರ್ಮಾಣೋದ್ಯಮದ ಬದಲಾದ ಪಾತ್ರ: ಪೂರೈಕೆದಾರರು ಅರಿಯಬೇಕಾದ ಅಂಶಗಳು

ರಾಷ್ಟ್ರದಲ್ಲಿ ಕೃಷಿಯ ನಂತರ ಅತಿ ಹೆಚ್ಚು ಜನರಿಗೆ ಉದ್ಯೋಗ ನೀಡುವ ಕ್ಷೇತ್ರಗಳಲ್ಲಿ ನಿರ್ಮಾಣೋದ್ಯಮವೂ ಒಂದು. ಒಟ್ಟು ಮೌಲ್ಯವರ್ಧನೆಯಲ್ಲಿ ಅದರ ಪಾಲು ಸುಮಾರು ಶೇ. 8. ಆದರೆ ಈ ಅಂಕಿಯೊಂದರಿಂದಲೇ ಅದರ ಮಹತ್ವವನ್ನು ಅಳೆಯಲಾಗದು. ಒಂದು ಕಟ್ಟಡ ಮೇಲೇಳುವಾಗ ಸಿಮೆಂಟು, ಉಕ್ಕು, ಇಟ್ಟಿಗೆ, ಜಲ್ಲಿ, ವಿದ್ಯುತ್ ತಂತಿ, ಕೊಳವೆ, ಬಣ್ಣ ಹಾಗೂ ಸಾಗಣೆಗೆ ಏಕಕಾಲದಲ್ಲಿ ಬೇಡಿಕೆ ಹುಟ್ಟುತ್ತದೆ. ಕಾಮಗಾರಿ ನಿಂತರೆ ಈ ಎಲ್ಲ ಅಂಗಡಿಗಳ ಬಾಕಿಯೂ ನಿಲ್ಲುತ್ತದೆ.

ಮೂರು ಘಟ್ಟಗಳು

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸರ್ಕಾರವೇ ಪ್ರಮುಖ ಗಿರಾಕಿಯಾಗಿತ್ತು. ಭಾಕ್ರಾ, ತುಂಗಭದ್ರಾ ಅಣೆಕಟ್ಟುಗಳು ಆ ಕಾಲದವು. ಸಿಮೆಂಟಿನ ಬೆಲೆ ಮತ್ತು ವಿತರಣೆ ಸರ್ಕಾರದ ಹತೋಟಿಯಲ್ಲಿತ್ತು. 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ಣವಾಗಿ ಅದು ಮುಕ್ತವಾಯಿತು.

1991ರ ಉದಾರೀಕರಣದ ನಂತರ ಖಾಸಗಿ ಬಂಡವಾಳ ಹಾಗೂ ಗೃಹಸಾಲ ಮುಂದೆ ಬಂದವು. 1998ರಲ್ಲಿ ಘೋಷಿತವಾದ ರಾಷ್ಟ್ರೀಯ ಹೆದ್ದಾರಿ ಅಭಿವೃದ್ಧಿ ಯೋಜನೆ ಮತ್ತು 2000ದ ಗ್ರಾಮ ಸಡಕ್ ಯೋಜನೆ ರಸ್ತೆ ಕಾಮಗಾರಿಗೆ ವೇಗ ನೀಡಿದವು.

ಮೂರನೆಯದು ಶಿಸ್ತಿನ ಘಟ್ಟ. 2016ರ ರೇರಾ ಕಾಯ್ದೆಯ ಪ್ರಕಾರ ಗ್ರಾಹಕರಿಂದ ಬಂದ ಹಣದ ಶೇ. 70ನ್ನು ಆಯಾ ಯೋಜನೆಯ ಪ್ರತ್ಯೇಕ ಖಾತೆಯಲ್ಲಿಟ್ಟು, ಕಾಮಗಾರಿಯ ಪ್ರಗತಿಗೆ ತಕ್ಕಂತೆ ಮಾತ್ರ ತೆಗೆಯಬೇಕು. ಒಂದೆಡೆಯ ಹಣವನ್ನು ಇನ್ನೊಂದೆಡೆಯ ಜಮೀನಿಗೆ ಹೂಡುವ ಹಳೆಯ ಪದ್ಧತಿಗೆ ಇದು ಕಡಿವಾಣ.

ತೆರಿಗೆಯ ಪರಿಣಾಮ

2019ರ ಏಪ್ರಿಲ್ 1ರಿಂದ ನಿರ್ಮಾಣ ಹಂತದ ವಸತಿ ಮನೆಗಳಿಗೆ ಜಿಎಸ್‌ಟಿ ಶೇ. 5, ಕೈಗೆಟಕುವ ದರದ ಮನೆಗಳಿಗೆ ಶೇ. 1. ಆದರೆ ಬಿಲ್ಡರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಆದ್ದರಿಂದ ಸಾಮಗ್ರಿಯ ಮೇಲಿನ ತೆರಿಗೆ ನೇರವಾಗಿ ವೆಚ್ಚವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿದದ್ದು ಈ ಕಾರಣದಿಂದಲೇ ಮಹತ್ವದ್ದು. ಈ ದರಗಳಿಗೆ ಇನ್ನೊಂದು ಷರತ್ತೂ ಉಂಟು: ಖರೀದಿಯ ಶೇ. 80ರಷ್ಟಾದರೂ ನೋಂದಾಯಿತ ಪೂರೈಕೆದಾರರಿಂದಲೇ ಆಗಬೇಕು. ಕೊರತೆಯ ಮೇಲಿನ ತೆರಿಗೆಯನ್ನು ಬಿಲ್ಡರೇ ಭರಿಸಬೇಕು. ಹೀಗಾಗಿ ನೋಂದಣಿಯಿಲ್ಲದ ಅಂಗಡಿಗೆ ದೊಡ್ಡ ಆರ್ಡರು ದೊರೆಯುವುದು ಕಠಿಣ.

ಬಾಕಿ ವಸೂಲಿ

2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಸಲ್ಲಬೇಕು. ತಪ್ಪಿದಲ್ಲಿ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅನ್ವಯಿಸುತ್ತದೆ.

ಇಲ್ಲಿ ವರ್ತಕರು ಗಮನಿಸಬೇಕಾದ ವ್ಯತ್ಯಾಸವಿದೆ. 2021ರ ಜುಲೈನಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಕ್ಕೆ ಉದ್ಯಮ್ ನೋಂದಣಿ ದೊರೆತರೂ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಯಿತು. ಕಿಟಕಿ ಚೌಕಟ್ಟು ತಯಾರಿಸುವವನಿಗೆ ಇರುವ 45 ದಿನಗಳ ರಕ್ಷಣೆ, ಅದನ್ನು ಕೊಂಡು ಮಾರುವವನಿಗೆ ಇಲ್ಲ. ಆದ್ದರಿಂದ ತಯಾರಕರು ಪೂರೈಕೆಗೆ ಮುನ್ನವೇ ನೋಂದಣಿ ಪಡೆದು ಬಿಲ್ಲಿನಲ್ಲಿ ಅದರ ಸಂಖ್ಯೆ ನಮೂದಿಸುವುದು ಕ್ಷೇಮ. ವರ್ತಕರಾದರೋ ಉದ್ದರಿಯ ಮಿತಿ, ಅವಧಿ ಹಾಗೂ ಬಡ್ಡಿಯನ್ನು ಲಿಖಿತ ಕರಾರಿನಲ್ಲಿಯೇ ಗೊತ್ತುಪಡಿಸಿಕೊಳ್ಳಬೇಕು. ಬಾಯಿಮಾತಿನ ಲೆಕ್ಕದ ಮೇಲೆ ಲೋಡುಗಟ್ಟಲೆ ಸರಕು ಇಳಿಸುವ ಕಾಲ ಮುಗಿದಿದೆ.